ಕಡ ತಂದ ಕಣ್ಣು

ಒಬ್ಬ ಕಲಾವಿದನ ಮೇಲೆ ಮತ್ತೊಬ್ಬನ ಪ್ರಭಾವವಾಗಿದೆಯೆಂದು ಹೇಳುವಾಗ ನಮ್ಮ ವಿಮರ್ಶಕರ ದನಿಯಲ್ಲಿ ಒಂದು ಬಗೆಯ ಆಪಾದನೆ ಸೇರಿಕೊಳ್ಳುವುದುಂಟು. ‘ಇದು ಅವನ ಸ್ವಂತದ್ದಲ್ಲ’ ಎಂದರೆ ತೀರ್ಪು ಮುಗಿಯಿತು. ಎರವಲು ತರುವುದು ತಪ್ಪೇ? ತಪ್ಪಾದರೆ ಅದು ಯಾರಿಗೆ ಮಾಡಿದ ತಪ್ಪು? ಬಣ್ಣದ ಮರದಚ್ಚಿನ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬಹುದು.

ಜಪಾನಿನ ಯೊಶಿದ ಹಿರೊಶಿ (1876–1950) ಎಂಬ ಚಿತ್ರಕಾರ 1925ರಲ್ಲಿ ಈಜಿಪ್ಟಿನ ಸ್ಫಿಂಕ್ಸನ್ನು ಮರದಚ್ಚಿನಲ್ಲಿ ಮೂಡಿಸಿದ. ಹಗಲಿನದೊಂದು, ಇರುಳಿನದೊಂದು, ರೂಪ ಒಂದೇ, ಬಣ್ಣ ಬೇರೆ. ಚಿತ್ರವನ್ನು ಮರದ ಹಲಗೆಯ ಮೇಲೆ ಕೊರೆದು, ಬೇರೆ ಬೇರೆ ಬಣ್ಣಗಳಿಗೆ ಬೇರೆ ಬೇರೆ ಹಲಗೆ ಮಾಡಿ, ನೀರಿನಲ್ಲಿ ಕಲಸಿದ ಬಣ್ಣ ಬಳಿದು, ಮೇಲೆ ಕಾಗದವಿಟ್ಟು ಕೈಯಿಂದ ಉಜ್ಜಿ ಅಚ್ಚೊತ್ತುವುದು ಆ ನಾಡಿನ ಹಳೆಯ ಪದ್ಧತಿ. ಆದರೆ ಬೆಳಕು ನೆರಳುಗಳ ಲೆಕ್ಕ ಪಶ್ಚಿಮದ್ದು. ಯೊಶಿದ ಮೊದಲು ತೈಲವರ್ಣ ಜಲವರ್ಣಗಳಲ್ಲಿ ಪಳಗಿದವನು. ಒಂದೇ ದೃಶ್ಯವನ್ನು ಹಲವು ಹೊತ್ತಿನ ಬೆಳಕಿನಲ್ಲಿ ಬರೆಯುವುದನ್ನು ಫ್ರಾನ್ಸಿನ ಮೋನೆ 1890ರ ದಶಕದಲ್ಲೇ ಮಾಡಿದ್ದ. ಆ ಮೋನೆಯೋ ಜಪಾನಿನ ಮರದಚ್ಚುಗಳನ್ನು ಕೂಡಿಟ್ಟುಕೊಂಡಿದ್ದವನು. ಅದಕ್ಕೂ ಹಿಂದೆ ಹೋದರೆ, ಹೊಕುಸಾಯಿಯ ಹೆಸರಾಂತ ಅಲೆಯ ಚಿತ್ರದಲ್ಲಿರುವ ನೀಲಿ ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ! ಹೀಗೆ ಹುಡುಕುತ್ತ ಹೋದಷ್ಟೂ ಸಾಲ ಕೊಟ್ಟವನೇ ಸಾಲಗಾರನಾಗಿ ಸಿಕ್ಕುತ್ತಾನೆ.

ಹಾಗಾದರೆ ಎರವಲಿನಲ್ಲಿ ದೋಷವೇ ಇಲ್ಲವೇ? ಉಂಟು. ಆದರೆ ಆ ದೋಷ ಕಡ ಕೊಟ್ಟವನನ್ನು ಮುಟ್ಟುವುದು ಕಡಮೆ. ಚಿತ್ರಕ್ಕೆ ವಸ್ತುವಾದವರನ್ನು ಮುಟ್ಟುವುದೇ ಹೆಚ್ಚು. ಡೆಲಕ್ರಾ 1832ರಲ್ಲಿ ಮೊರಾಕೊ ದೇಶಕ್ಕೆ ಹೋಗಿ, ಕಂಡದ್ದನ್ನು ಪುಸ್ತಕಗಳ ತುಂಬ ಗೀಚಿಕೊಂಡು ಬಂದ. ಅವನ ಸಮಕಾಲೀನನಾದ ಆಂಗ್ರ್ ಪೂರ್ವದೇಶಗಳಿಗೆ ಕಾಲಿಡದೆಯೇ ತುರ್ಕಿಯ ಸ್ನಾನಗೃಹವನ್ನು ಚಿತ್ರಿಸಿದ. ಅಲ್ಲಿಯ ಹೆಂಗಸರು ಅವನ ಕಲ್ಪನೆಗೆ ಒದಗಿದ ಸಾಮಗ್ರಿ, ಅಷ್ಟೆ. ಕಡ ತಂದ ಕಣ್ಣು ನೋಡುವ ಶ್ರಮವನ್ನು ತಪ್ಪಿಸಿತೆಂದರೆ ಅಲ್ಲಿ ಅನ್ಯಾಯ ಹುಟ್ಟುತ್ತದೆ.

ಹೋಗಿ ಬಂದವರೆಲ್ಲ ಕಂಡವರೂ ಅಲ್ಲ. ಯೊಶಿದನ ಚಿತ್ರಗಳಿಗೆ ಅಮೆರಿಕದಲ್ಲಿ ಬೇಡಿಕೆ ಬಹಳ. ಕೊಳ್ಳುವವನ ಅಭಿರುಚಿಯೂ ಒಂದು ಪ್ರಭಾವವೇ ತಾನೆ? ಗುರುವಿನ ಪ್ರಭಾವವನ್ನು ವಿಮರ್ಶಕ ಹೆಕ್ಕಿ ತೋರಿಸುತ್ತಾನೆ; ಇದು ಸದ್ದಿಲ್ಲದೆ ಒಳಸೇರುತ್ತದೆ. ಸ್ಫಿಂಕ್ಸು ಕೊಳ್ಳುವವರಿಗೆ ಮೊದಲೇ ಪರಿಚಿತವಾದ ನೋಟ. 1930–31ರಲ್ಲಿ ಭಾರತಕ್ಕೆ ಬಂದುಹೋದ ಮೇಲೆ ಅವನು ಮೂಡಿಸಿದ ತಾಜಮಹಲೂ ಅಂಥದೇ. ಅವನನ್ನು ಕಾಪಾಡಿದ್ದು ಬೆಳಕಿನ ಮೇಲಣ ನಿಷ್ಠೆ. ಮುಂಜಾವಿನ ಮಂಜಿನ ತಾಜಮಹಲು ಬೇರೆ, ಇರುಳಿನದು ಬೇರೆ ಎಂಬುದನ್ನು ಅವನು ಮರೆಯಲಿಲ್ಲ.

ಕನ್ನಡಿಗರಿಗೆ ಇದು ಹೊಸ ಪಾಠವೇನಲ್ಲ. ಪಂಪ ವ್ಯಾಸರಿಂದ ಕಥೆಯನ್ನು ತಂದ. ಅದರೊಳಗೆ ತಾನು ಮೆಚ್ಚಿದ ಬನವಾಸಿಯನ್ನು ಇಟ್ಟ. ‘ಶ್ರೀ’ಯವರ ‘ಇಂಗ್ಲಿಷ್ ಗೀತಗಳು’ ಹೆಸರಿನಲ್ಲೇ ಸಾಲವನ್ನು ಒಪ್ಪಿಕೊಂಡ ಪುಸ್ತಕ. ಅದರಿಂದ ಕನ್ನಡವೇನೂ ಸಣ್ಣದಾಗಲಿಲ್ಲ.

ನಮ್ಮ ದಾವಣಗೆರೆಯ ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬ ನಾಳೆ ಹರಿಹರೇಶ್ವರನ ಗುಡಿಯನ್ನು ಜಪಾನೀ ಕ್ರಮದಲ್ಲಿ ಮರದಚ್ಚಿಗೆ ಇಳಿಸಿದನೆನ್ನಿ. ಪದ್ಧತಿ ಯಾರದೆಂದು ಕೇಳುವುದು ಸುಲಭ. ಕೇಳಬೇಕಾದ ಮಾತು ಬೇರೆ ಇದೆ. ಆ ಹೊಯ್ಸಳ ಕಂಬಗಳ ನಡುವೆ ತುಂಗಭದ್ರೆಯ ದಡದ ಬಿಸಿಲು ಹೇಗೆ ಬೀಳುತ್ತದೆಂದು ಅವನು ನೋಡಿದನೇ? ಜಗಲಿಯ ಮೇಲಿನ ಮುದುಕಿಯನ್ನು ಚಿತ್ರದ ಅಂದಕ್ಕೆಂದು ಕೂರಿಸಿದನೋ, ಅವಳು ಅಲ್ಲಿ ಏಕೆ ಕುಳಿತಿದ್ದಾಳೆಂದು ತಿಳಿದು ಬರೆದನೋ? ವಿದ್ಯೆಯ ಸಾಲ ತೀರುವುದು ಹೀಗೆ. ಕೊಟ್ಟವರು ತೀರಿಕೊಂಡು ಬಹುಕಾಲವಾಗಿರಬಹುದು. ಎದುರಿಗೆ ಇರುವವರಿಗೆ ಸಲ್ಲಿಸಿದರೆ ಅವರಿಗೂ ಸಂದಂತೆಯೇ.