ಗೈಡ್ ಅಲ್ಲೇ ಉಳೀತಾನೆ

ನಮ್ಮೂರು ಕುಂತೂರಿನ ಕಡೆಯವರಿಗೆ ಟಿಬೆಟ್ ಅಂದರೆ ದೂರದ ಹಿಮದ ನಾಡಲ್ಲ, ಒಡೆಯರಪಾಳ್ಯದ ಕ್ಯಾಂಪು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ ಬಂದರು. ಅವರಿಗೆ ಮೊದಲು ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ, 1970ರ ದಶಕದಲ್ಲಿ ನಮ್ಮ ಒಡೆಯರಪಾಳ್ಯದಲ್ಲಿ ನೆಲೆ ಸಿಕ್ಕಿತು. ಅಲ್ಲಿ ಹುಟ್ಟಿದ ಅಜ್ಜ ಅಜ್ಜಿಯರು, ಇಲ್ಲೇ ಹುಟ್ಟಿದ ಮೊಮ್ಮಕ್ಕಳು ಒಂದೇ ಮನೆಯಲ್ಲಿದ್ದಾರೆ.

ಕೈಲಾಸ ಮಾನಸ ಸರೋವರ ಯಾತ್ರೆ 2020ರಲ್ಲಿ ನಿಂತು 2025ರಲ್ಲಿ ಮತ್ತೆ ಶುರುವಾಯಿತು. ಹಾಗಾಗಿ ಟಿಬೆಟ್‌ಗೆ ಹೋಗೋ ಆಸೆ ನಮ್ಮ ಆಫೀಸುಗಳಲ್ಲೂ ಚಿಗುರಿದೆ. ಲಾಸಾಕ್ಕೆ ಹೋಗೋ ವಿದೇಶಿಯರಿಗೆ ಚೀನಾದ ವೀಸಾ ಒಂದೇ ಸಾಲದು, ಟಿಬೆಟ್ಟಿನ ಪರ್ಮಿಟ್ ಬೇರೆ ಬೇಕು. ಅದನ್ನು ಏಜೆನ್ಸಿಯೇ ಮಾಡಿಸಬೇಕು, ಜೊತೆಗೆ ಗೈಡ್ ಇರಲೇಬೇಕು. 1959ರ ದಂಗೆ ನೆನಪಾಗುವ ಮಾರ್ಚ್ ಹೊತ್ತಿಗೆ ಬಾಗಿಲೇ ಮುಚ್ಚುತ್ತೆ. ಇಷ್ಟೆಲ್ಲ ದಾಟಿ ನಾವು ಹೋಗಬಹುದು. ಅಲ್ಲೇ ಹುಟ್ಟಿದ ಒಡೆಯರಪಾಳ್ಯದ ಅಜ್ಜಿಗೆ ಮಾತ್ರ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಹಾಗಿದ್ದರೆ ನಾವು ಹೋಗೋದು ಸರಿಯಾ?

ಬೇಡ ಅನ್ನೋ ವಾದ ಹಳೆಯದು. ಬರ್ಮಾದ ಮಿಲಿಟರಿ ಸರ್ಕಾರ 1996ನ್ನು ಪ್ರವಾಸಿ ವರ್ಷ ಅಂತ ಸಾರಿದಾಗ ಆಂಗ್ ಸಾನ್ ಸೂ ಕಿ ‘ಈಗ ಬರಬೇಡಿ’ ಅಂದರು. ನಾವು ಕೊಡೋ ದುಡ್ಡು ಸರ್ಕಾರದ ಕೈ ಬಲಪಡಿಸುತ್ತೆ ಅನ್ನೋದು ಆ ವಾದ. ದಲೈ ಲಾಮಾ ಹೇಳೋದು ಇದರ ಉಲ್ಟಾ: ಹೋಗಿ, ಕಣ್ಣಾರೆ ನೋಡಿ, ಬಂದು ಹೇಳಿ. ದೇಶ ಕಳಕೊಂಡವರೇ ಹೋಗಿ ಅನ್ನುವಾಗ ನಾನು ಬೇಡ ಅನ್ನಲಾರೆ.

ಆದರೆ ‘ನೋಡಿ’ ಅನ್ನೋದೇ ಕಷ್ಟದ ಕೆಲಸ. ಉತ್ತರ ಕೊರಿಯಾಕ್ಕೆ ಹೋದವರ ಅನುಭವವೂ ಇದೇ. ಯಾವ ಹೋಟೆಲು, ಯಾವ ಪ್ರತಿಮೆ, ಎಲ್ಲಿ ಫೋಟೋ, ಎಲ್ಲ ಮೊದಲೇ ತೀರ್ಮಾನ. ಹೀಗೆ ಹೋಗಿ ಬಂದವರಲ್ಲಿ ಕೆಲವರು ‘ಎಲ್ಲ ಚೆನ್ನಾಗಿದೆ ಕಣ್ರೀ, ಮೀಡಿಯಾದವರು ಸುಮ್ನೆ ಬರೀತಾರೆ’ ಅಂತಾರೆ. ಇನ್ನು ಕೆಲವರು ‘ಅಲ್ಲಿ ಎಲ್ಲ ನಾಟಕ, ನಗೋರೂ ನಟರೇ’ ಅಂತಾರೆ. ಎರಡೂ ನೋಡದೆ ಆಡಿದ ಮಾತು. ಎರಡನೆಯದು ಬುದ್ಧಿವಂತಿಕೆ ಅನ್ನಿಸುತ್ತೆ, ಆದರೆ ಅದು ಆ ಜನರನ್ನೇ ಇಲ್ಲವಾಗಿಸುತ್ತೆ. ಬಿಗಿಯಾದ ಸರ್ಕಾರದ ಕೆಳಗೂ ಜನ ಮಗುವಿನ ಜ್ವರಕ್ಕೆ ನಿದ್ದೆಗೆಡ್ತಾರೆ, ನಿಜವಾಗಿಯೇ ನಗ್ತಾರೆ. ಹಾಗಾಗಿ ನೋಡಿದ್ದನ್ನು ಹೇಳುವಾಗ ‘ಇಷ್ಟನ್ನೇ ನನಗೆ ತೋರಿಸಿದರು’ ಅನ್ನೋದನ್ನೂ ಸೇರಿಸಬೇಕು. ಇನ್‌ಸ್ಟಾಗ್ರಾಂ ಪೋಸ್ಟಿನಲ್ಲಿ ಈ ಒಂದು ಸಾಲಿಗೆ ಲೈಕ್ ಬರಲ್ಲ, ಆದರೂ ಬರೀಬೇಕು.

ಇದಕ್ಕಿಂತ ದೊಡ್ಡ ವಿಷಯ ಗೈಡ್‌ನದು. ದಲೈ ಲಾಮಾ ಫೋಟೋ ಇಟ್ಟುಕೊಳ್ಳೋದೂ ಅಪರಾಧ ಅನ್ನಿಸುವ ಊರಲ್ಲಿ ‘ಅವರ ಬಗ್ಗೆ ನಿಮಗೇನನ್ಸುತ್ತೆ?’ ಅಂತ ಗೈಡ್‌ನ ಕೇಳಿದರೆ ಕೇಳಿದವರಿಗೆ ಥ್ರಿಲ್ಲು. ವಾರ ಕಳೆದರೆ ನಾವು ಬೆಂಗಳೂರಲ್ಲಿ ಟ್ರಾಫಿಕ್ ಬೈತಾ ಇರ್ತೀವಿ. ಅವನು ಅಲ್ಲೇ ಉಳೀತಾನೆ. ಪ್ರಶ್ನೆ ನಮ್ಮದು, ಅದರ ಬೆಲೆ ಕಟ್ಟೋನು ಅವನು. ಬೇರೆಯವರ ತಲೆ ಅಡ ಇಟ್ಟು ತೋರಿಸೋದು ಧೈರ್ಯ ಅಲ್ಲ. ಅಂಥ ಪ್ರಶ್ನೆಗಳನ್ನು ಒಡೆಯರಪಾಳ್ಯದಲ್ಲಿ ಕೇಳಬಹುದು. ಅಲ್ಲಿ ಮಾತಾಡೋಕೆ ಯಾರ ಪರ್ಮಿಟ್ಟೂ ಬೇಡ. ಆದರೆ ಅಲ್ಲಿಗೆ ಹೋಗಿ ಕೂತು ಕೇಳಿದವರು ನಮ್ಮಲ್ಲಿ ಎಷ್ಟು ಜನ?