ಶುಶ್ರೂಷಕಿಯ ಮನೆ

‘ಶುಶ್ರೂಷೆ’ ಎಂಬ ಶಬ್ದವನ್ನು ನಾವೆಲ್ಲ ಬಳಸುತ್ತೇವೆ. ಅದರ ಮೂಲಾರ್ಥವನ್ನು ಕುರಿತು ಯೋಚಿಸುವವರು ವಿರಳ. ಸಂಸ್ಕೃತದಲ್ಲಿ ‘ಶ್ರು’ ಎಂಬ ಧಾತುವಿಗೆ ಕೇಳು ಎಂದರ್ಥ. ಆ ಧಾತುವಿನ ಇಚ್ಛಾರ್ಥಕ ರೂಪವೇ ಶುಶ್ರೂಷೆ. ಎಂದರೆ ಕೇಳಬೇಕೆಂಬ ಬಯಕೆ. ಗುರುವಿನ ಮಾತಿಗೆ ಕಿವಿಗೊಡುವ ಶಿಷ್ಯನ ವಿಧೇಯತೆಗೆ ಸಂದ ಈ ಹೆಸರು ಸೇವೆ ಎಂಬ ಅರ್ಥವನ್ನು ತಳೆದು, ರೋಗಿಯ ಆರೈಕೆಗೂ ನಿಂತಿತು. ಮಠದ ಪ್ರಸಾದನಿಲಯದಲ್ಲಿದ್ದು ಓದಿದ ವಾಚಕರಿಗೆ ಗುರುಶುಶ್ರೂಷೆಯೆಂಬ ಮಾತು ಅಪರಿಚಿತವಲ್ಲ. ನಡುರಾತ್ರಿಯಲ್ಲಿ ಯಾವನೋ ಅಪರಿಚಿತನ ನರಳಿಕೆಗೆ ಕಿವಿಗೊಟ್ಟು ಕುಳಿತವಳಿಗೂ ಅದೇ ಶಬ್ದ ಸಲ್ಲುವುದೆಂಬುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ನಮ್ಮ ಬೀದರ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಒಂದೆರಡು ತಲೆಮಾರುಗಳ ಹಿಂದೆ ‘ನರ್ಸಬಾಯಿ’ ಎಂದರೆ ಕೇರಳದಿಂದ ಬಂದವಳು, ಇಲ್ಲವೆ ಮಿಷನ್ ಆಸ್ಪತ್ರೆಯ ಆಶ್ರಯದಲ್ಲಿ ಕಲಿತ ಕ್ರೈಸ್ತ ಮನೆತನದವಳು ಎಂಬುದೇ ಜನರ ತಿಳಿವಳಿಕೆಯಾಗಿತ್ತು. ಊರವರು ಆಕೆಯ ಕೈಯಿಂದ ಸೂಜಿ ಚುಚ್ಚಿಸಿಕೊಂಡರು, ಆಕೆಯ ಕೈಯಲ್ಲಿ ತಮ್ಮ ಮಕ್ಕಳನ್ನು ಹುಟ್ಟಿಸಿಕೊಂಡರು. ಆದರೆ ತಮ್ಮ ಹೆಣ್ಣುಮಕ್ಕಳನ್ನು ಆ ಕೆಲಸಕ್ಕೆ ಕಳಿಸಲಿಲ್ಲ. ಇಂದು ಹಾಗಿಲ್ಲ. ಬಸವಕಲ್ಯಾಣ, ಹುಮನಾಬಾದಗಳ ಮನೆಗಳಿಂದಲೂ ಹೆಣ್ಣುಮಕ್ಕಳು ಈ ವಿದ್ಯೆ ಕಲಿತು ಬರುತ್ತಿದ್ದಾರೆ, ಗಂಡುಮಕ್ಕಳೂ ಇದ್ದಾರೆ. ಸರ್ಕಾರಿ ಕಾಗದಗಳಲ್ಲಿ ಅವರಿಗೀಗ ಶುಶ್ರೂಷಾಧಿಕಾರಿ ಎಂಬ ಹೆಸರು. ಆಸ್ಪತ್ರೆಯಲ್ಲಿ ಅವರು ಮಾಡುವುದು ನಮಗೆ ಗೊತ್ತಿದೆ. ನಾನು ಕೇಳಬಯಸುವುದು ಬೇರೆ: ಪಾಳಿ ಮುಗಿಸಿ ಆಕೆ ಮರಳುವ ಮನೆಗೆ ಏನಾಗುತ್ತದೆ? ಎಂಟು ತಾಸು ಆಚರಿಸಿದ ಧರ್ಮವು ಬಿಳಿಯ ಉಡುಪಿನ ಜೊತೆಗೆ ಗೂಟಕ್ಕೆ ಬೀಳುವುದೋ, ಅಥವಾ ಅಡಿಗೆಮನೆಯವರೆಗೂ ಬರುವುದೋ?

ಕಾಯಕವನ್ನು ಮನೆಯ ಹೊಸ್ತಿಲಲ್ಲಿಟ್ಟು ಪರೀಕ್ಷಿಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರಲು ಹೇಳಿದವಳು ಮನೆಯಲ್ಲಿದ್ದ ಲಕ್ಕಮ್ಮ. ಅಂಗಳದಲ್ಲಿ ನಡೆದ ಕಾಯಕದ ತೂಕ ಗೊತ್ತಾದದ್ದು ಒಲೆಯ ಮುಂದೆ.

ದಾದಿಯೊಬ್ಬಳು ಮನೆಗೆ ಬಂದೊಡನೆ ಮಾಡುವ ಮೊದಲ ಕಾರ್ಯವನ್ನು ಗಮನಿಸಿರಿ. ಚಪ್ಪಲಿಯನ್ನು ಹೊರಗೆ ಬಿಟ್ಟು, ನೇರವಾಗಿ ಬಚ್ಚಲಿಗೆ ನಡೆದು, ಮೊಳಕೈವರೆಗೆ ಸಾಬೂನು ಹಚ್ಚಿ ತೊಳೆದು, ಉಡುಪು ಬದಲಿಸಿ, ಆನಂತರವೇ ಮಗುವನ್ನೆತ್ತಿಕೊಳ್ಳುತ್ತಾಳೆ. ಮಗು ಎಷ್ಟು ಅತ್ತರೂ ಈ ಕ್ರಮ ತಪ್ಪದು. ನೋಡಿದ ಅತ್ತೆ ‘ನಮ್ಮ ಸೊಸಿ ಭಾಳ ಮಡಿ ಮಾಡ್ತಾಳ’ ಎಂದು ನೆರೆಯವರಲ್ಲಿ ಹೇಳಿಕೊಳ್ಳುತ್ತಾಳೆ. ಅತ್ತೆಯ ಅಭಿಮಾನ ದೊಡ್ಡದು. ಆದರೆ ಶಬ್ದ ತಪ್ಪಿದೆ. ಮಡಿಯವನು ತೊಳೆದುಕೊಳ್ಳುವುದು ಪರರ ಸೋಂಕು ತನಗೆ ತಗಲದಿರಲೆಂದು. ದಾದಿ ತೊಳೆದುಕೊಳ್ಳುವುದು ಮುಖ್ಯವಾಗಿ ತನ್ನ ಸೋಂಕು ಪರರಿಗೆ ತಗಲದಿರಲೆಂದು. ನೀರು ಒಂದೇ, ಕೈ ಒಂದೇ. ದಿಕ್ಕು ಮಾತ್ರ ವಿರುದ್ಧ. ಒಂದರ ಬೇರು ತಾನು ಶುದ್ಧನೆಂಬ ಭಾವನೆಯಲ್ಲಿದ್ದರೆ, ಇನ್ನೊಂದರ ಬೇರು ತನ್ನಿಂದಲೂ ಕೇಡಾಗಬಹುದೆಂಬ ಅರಿವಿನಲ್ಲಿದೆ.

ಈ ಎರಡನೆಯ ಅರಿವು ಲೋಕಕ್ಕೆ ಸುಲಭವಾಗಿ ದಕ್ಕಲಿಲ್ಲ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಒಂದು ವಿಷಯವನ್ನು ಕಂಡುಕೊಂಡನು. ಶವಪರೀಕ್ಷೆ ಮಾಡಿದ ಕೈಯಿಂದಲೇ ವೈದ್ಯರು ಬಾಣಂತಿಯರನ್ನು ಮುಟ್ಟುತ್ತಿದ್ದರು. ಅವರ ವಿಭಾಗದಲ್ಲಿ ಸಾಯುವವರ ಸಂಖ್ಯೆ ಸೂಲಗಿತ್ತಿಯರ ವಿಭಾಗಕ್ಕಿಂತ ಬಹಳ ಹೆಚ್ಚಾಗಿತ್ತು. ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಆತ ನಿಯಮ ಮಾಡಿದ ಕೂಡಲೇ ಸಾವುಗಳು ಇಳಿದವು. ಆದರೂ ಅನೇಕ ದೊಡ್ಡ ವೈದ್ಯರು ಒಪ್ಪಲಿಲ್ಲ. ಸಜ್ಜನನ ಕೈಯೇ ಸಾವನ್ನು ಹೊತ್ತು ತರಬಲ್ಲದೆಂದರೆ ಯಾರಿಗೆ ಸಹನೆಯಾದೀತು? 1865ರಲ್ಲಿ ಆತ ಹುಚ್ಚರ ಆಸ್ಪತ್ರೆಯೊಂದರಲ್ಲಿ ತೀರಿಕೊಂಡನು. ಇಂದು ಬಸವಕಲ್ಯಾಣದ ಹೆಣ್ಣುಮಗಳೊಬ್ಬಳು ಬೇಸಿಗೆಯ ನೀರಿನ ಕೊರತೆಯಲ್ಲಿಯೂ ಒಂದು ತಂಬಿಗೆ ನೀರನ್ನು ಕೈ ತೊಳೆಯುವುದಕ್ಕೆಂದೇ ತೆಗೆದಿಡುತ್ತಾಳೆಂದರೆ, ಆ ನಿಯಮಕ್ಕೆ ಇಷ್ಟು ಹಿಂದಿನ ಕಥೆಯಿದೆ.

ಇನ್ನು ನಮ್ಮ ನೆಲದ ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಅಲ್ಲಗಳೆದರೆಂದು ನಾವು ಜಯಂತಿಗಳಲ್ಲಿ ಭಾಷಣ ಮಾಡುತ್ತೇವೆ. ದಾದಿಯ ಒಂದು ಪಾಳಿಯನ್ನು ಲೆಕ್ಕ ಹಾಕಿ ನೋಡಿರಿ. ಹೆರಿಗೆಯ ರಕ್ತ, ಶವದ ಮೈ, ರಜಸ್ವಲೆಯ ಬಟ್ಟೆ, ರೋಗಿಯ ಎಂಜಲು ತಟ್ಟೆ, ಎಲ್ಲ ಜಾತಿಯವರ ಹಾಸಿಗೆ: ಐದನ್ನೂ ಆಕೆ ಒಂದೇ ದಿನದಲ್ಲಿ ಮುಟ್ಟಿರುತ್ತಾಳೆ. ತತ್ತ್ವವನ್ನು ಇಷ್ಟು ನಿಷ್ಠೆಯಿಂದ ನಡೆಯಿಸುವ ಉದ್ಯೋಗ ಇನ್ನೊಂದು ಇದೆಯೆ? ಹೀಗಿದ್ದೂ, ‘ನರ್ಸ್ ಕೆಲಸದ ಹುಡುಗಿ ಬೇಡ, ರಾತ್ರಿ ಡ್ಯೂಟಿ ಇರುತ್ತದೆ, ಏನೇನೋ ಮುಟ್ಟಿರುತ್ತಾಳೆ’ ಎಂದು ಸಂಬಂಧ ಮುರಿದುಕೊಂಡ ಮನೆಗಳನ್ನು ನಾನು ಬಲ್ಲೆ. ಅವು ಪೂಜೆ ಬಿಟ್ಟ ಮನೆಗಳೇನೂ ಅಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳೂ ಅದರಲ್ಲಿರಬಹುದು.

ಯಾರಾದರೂ ಕೇಳಬಹುದು: ಸೂತಕವಿಲ್ಲವೆಂದ ಮೇಲೆ ಇಷ್ಟೊಂದು ತೊಳೆಯುವುದೇಕೆ? ಪ್ರಶ್ನೆ ಸರಿಯಾದುದೇ. ಉತ್ತರ ನಮ್ಮ ಹಳೆಯ ಬಾಣಂತಿ ಕೋಣೆಯಲ್ಲಿದೆ. ಹೊಕ್ಕಳುಬಳ್ಳಿಯನ್ನು ಸಿಕ್ಕಿದ ಕುಡುಗೋಲಿನಿಂದ ಕೊಯ್ದು ಬೂದಿಯನ್ನೋ ಸಗಣಿಯನ್ನೋ ಹಚ್ಚುತ್ತಿದ್ದ ಕಾಲದಲ್ಲಿ ಎಷ್ಟೋ ಶಿಶುಗಳು ಹುಟ್ಟಿದ ವಾರ ಹತ್ತು ದಿನಗಳೊಳಗೆ ಧನುರ್ವಾಯುವಿನಿಂದ ಸೆಟೆದು ಸತ್ತವು. ಆ ಮನೆಗಳಲ್ಲಿ ಸೂತಕವನ್ನು ಹತ್ತು ದಿನವೂ ಕಟ್ಟುನಿಟ್ಟಾಗಿ ಆಚರಿಸಲಾಗುತ್ತಿತ್ತು. ಆದರೆ ಅಲಗು ಮಾತ್ರ ತುಕ್ಕು ಹಿಡಿದಿತ್ತು. ಮುಂದೆ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟವರು ಐದು ಶುಚಿಗಳನ್ನು ಕಲಿಸಿದರು: ಶುಚಿಯಾದ ಕೈ, ಶುಚಿಯಾದ ಹಾಸು, ಶುಚಿಯಾದ ಬ್ಲೇಡು, ಶುಚಿಯಾದ ದಾರ, ಏನನ್ನೂ ಹಚ್ಚದ ಶುಚಿಯಾದ ಹೊಕ್ಕಳು. ಗರ್ಭಿಣಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ ಇವುಗಳೊಂದಿಗೆ ಈ ಐದು ಶುಚಿಗಳೂ ಸೇರಿ, 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆನಿಸಿತು. ಐದು ಸೂತಕಗಳಿಂದ ಒಂದು ಕೂಸೂ ಉಳಿದುದನ್ನು ನಾನು ಕೇಳಿಲ್ಲ.

ಮನೆಯೊಳಗೆ ಬರುವ ಇನ್ನೊಂದು ಅಭ್ಯಾಸ ಅಳತೆ. ಕೂಸಿಗೆ ಭೇದಿಯಾದರೆ ‘ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತದೆ’ ಎಂದು ಬಾಯಾರಿಸುವುದು ನಮ್ಮ ಕಡೆಯ ಹಳೆಯ ನಂಬಿಕೆ. ದಾದಿಯಿರುವ ಮನೆಯಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೀಳುತ್ತವೆ. ಚಮಚವನ್ನು ಚಾಕುವಿನಿಂದ ಸಮ ಮಾಡಿಯೇ ಹಾಕುತ್ತಾರೆ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಇಂಥದೇ ಉಪ್ಪು, ಸಕ್ಕರೆ, ಸೋಡಾಗಳ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಸುಮಾರು ನೂರಕ್ಕೆ 30ರಷ್ಟಿದ್ದ ಸಾವು ಅಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಆಸ್ಪತ್ರೆ ಮನೆಯವರ ಕೈಗೆ ಚಮಚ ಕೊಟ್ಟ ದಿನ ಅದು. 2023ರಲ್ಲಿ, ಅವರು ತೀರಿಕೊಂಡ ಮರುವರ್ಷ, ಪದ್ಮವಿಭೂಷಣ ಸಂದಿತು.

ಭಾಷೆಯನ್ನೂ ಮರೆಯಲಾಗದು. ಹುಮನಾಬಾದದ ವಾರ್ಡಿನಲ್ಲಿ ಒಂದು ಮಂಚದಲ್ಲಿ ಕನ್ನಡ, ಮಗ್ಗುಲಲ್ಲಿ ಉರ್ದು, ಅದರಾಚೆ ಮರಾಠಿ, ಹೆದ್ದಾರಿಯ ಅಪಘಾತದಲ್ಲಿ ಬಂದವನಿದ್ದರೆ ತೆಲುಗು. ‘ಎಲ್ಲಿ ನೋವು?’ ಎಂಬುದನ್ನು ನಾಲ್ಕು ಭಾಷೆಗಳಲ್ಲಿ ಕೇಳಲು ಬಾರದವಳಿಗೆ ಅಲ್ಲಿ ಕೆಲಸ ಸಾಗದು. ಹೀಗೆ ಕೇಳಿ ಅಭ್ಯಾಸವಾದವಳ ಮಕ್ಕಳು ‘ಅವರು’, ‘ಇವರು’ ಎಂದು ಜನರನ್ನು ವಿಂಗಡಿಸುವ ಮಾತನ್ನು ಮನೆಯಲ್ಲಿ ಕಡಿಮೆ ಕೇಳಿ ಬೆಳೆಯುತ್ತಾರೆ. ಇದನ್ನು ಯಾವ ಪ್ರವಚನವೂ ಇಷ್ಟು ಸಹಜವಾಗಿ ಸಾಧಿಸಲಾರದೆಂದು, ಪ್ರವಚನಪ್ರಿಯನಾದ ನಾನೇ ಹೇಳಬೇಕಾಗಿದೆ.

ಆದರೆ ಎಲ್ಲವೂ ಗಳಿಕೆಯಲ್ಲ. ‘ಅವಳದು ಕಲ್ಲುಮನಸ್ಸು’ ಎಂಬ ಆರೋಪ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮನೆಯ ಹಿರಿಯರು ಲಿಂಗೈಕ್ಯರಾದರು; ಎಲ್ಲರೂ ಗೋಳಾಡುತ್ತಿದ್ದರೆ ಆಕೆ ಅಳಲಿಲ್ಲ. ಕಣ್ಣುರೆಪ್ಪೆ ಮುಚ್ಚಿ, ಬಾಯಿ ಬಿಗಿದು ಕಟ್ಟಿ, ‘ಬೇಗ ಕೂಡ್ರಿಸಿರಿ, ಇನ್ನು ಕೆಲವು ತಾಸಿಗೆ ಮೈ ಸೆಟೆಯುತ್ತದೆ’ ಎಂದಳು. ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ನಮ್ಮವರಲ್ಲಿ ಈ ಮಾತಿನ ಬೆಲೆ ಅಪಾರ. ತಡವಾದರೆ ಆ ಮೈಯನ್ನು ಬಲವಂತದಿಂದ ಮಡಿಸಬೇಕಾಗುತ್ತದೆ. ಆದರೂ ಆ ಕ್ಷಣದಲ್ಲಿ ಅದು ಒರಟಾಗಿಯೇ ಕೇಳಿಸಿತು. ಅತ್ತವರ ಪ್ರೀತಿಯೂ ನಿಜ. ಸತ್ತವರ ದೇಹಕ್ಕೆ ಕೊನೆಯ ಗೌರವ ದೊರಕಿದುದು ಮಾತ್ರ ಅಳದವಳಿಂದ. ಕರುಣೆಯನ್ನು ಕಣ್ಣೀರಿನಿಂದ ಅಳೆಯುವ ನಮ್ಮ ರೂಢಿಯನ್ನು ಇಲ್ಲಿ ಪುನಃ ವಿಚಾರಿಸಬೇಕಾದೀತು.

ಹಾಗೆಂದು ಆರೋಪವು ಪೂರ್ತಿ ಸುಳ್ಳೆಂದು ಹೇಳಲು ನಾನು ಸಿದ್ಧನಿಲ್ಲ. ದಿನವೆಲ್ಲ ಮರಣಾಂತಿಕ ನೋವನ್ನು ಕಂಡವಳಿಗೆ ಮಗನ ಹೊಟ್ಟೆನೋವು ನೋವೇ ಅಲ್ಲವೆನಿಸಬಹುದು. ‘ಇದೇನು ಜ್ವರ, ಮಲಗು’ ಎಂದು ಹೇಳಿದಾಗ ಆ ಮಗುವಿಗೆ ತಾಯಿ ಬೇಕಾಗಿರುತ್ತಾಳೆ, ದೊರೆತವಳು ದಾದಿ. ಮನೆಗೆ ಉಳಿದದ್ದು ದಣಿವು, ಅಪರಿಚಿತರಿಗೆ ಸಂದದ್ದು ನಗುಮುಖ ಎಂಬ ಸಂಕಟ ಸಣ್ಣದಲ್ಲ. 2020ರ ಮಾರ್ಚಿನಲ್ಲಿ ಪಕ್ಕದ ಕಲಬುರಗಿಯಲ್ಲಿ ಕೊರೋನಾದಿಂದ ದೇಶದ ಮೊದಲ ಸಾವು ವರದಿಯಾದ ಮೇಲಿನ ತಿಂಗಳುಗಳಲ್ಲಿ ಇದು ತೀವ್ರವಾಯಿತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ಇನ್ನೂರನೆಯ ವರ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಘೋಷಿಸಿದ್ದ ಆ 2020ರಲ್ಲಿಯೇ ತಾಯಂದಿರು ತಮ್ಮ ಮಕ್ಕಳನ್ನು ಕಿಟಕಿಯಾಚೆಯಿಂದ ನೋಡಿ ಹೋಗಬೇಕಾಯಿತು. ಜನ ಒಂದು ಸಂಜೆ ತಟ್ಟೆ ಬಾರಿಸಿದರು. ಮರುದಿನ ಕೆಲವೆಡೆ ಅವರಿಗೆ ಬಾಡಿಗೆ ಮನೆ ಬಿಡಿರೆಂದರು.

ನೈಟಿಂಗೇಲರ ಹೆಸರು ಬಂದುದರಿಂದ ಒಂದು ಮಾತು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ ಸ್ಕುಟಾರಿಗೆ ಹೋದ ಆ ಮಹಿಳೆ ಕೆಲವು ವರ್ಷಗಳ ತರುವಾಯ ಶುಶ್ರೂಷೆಯನ್ನು ಕುರಿತು ಬರೆದ ಪುಸ್ತಕ ಆಸ್ಪತ್ರೆಯ ದಾದಿಯರಿಗಾಗಿ ಬರೆದದ್ದಲ್ಲ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಸಾಮಾನ್ಯ ಸ್ತ್ರೀಯರಿಗಾಗಿ. ಕಿಟಕಿ ತೆರೆಯುವುದು, ಸದ್ದು ಮಾಡದಿರುವುದು, ರೋಗಿಯ ಬಳಿ ಪಿಸುಗುಟ್ಟದಿರುವುದು, ನೋಡಲು ಬಂದವರು ಹುಸಿ ಧೈರ್ಯವನ್ನೂ ಬಿಟ್ಟಿ ಸಲಹೆಯನ್ನೂ ಕೊಡದಿರುವುದು, ಇವೇ ಅದರ ವಿಷಯ. (ಟ್ರ್ಯಾಕ್ಸ್ ತುಂಬ ಬಂದು ಮಂಚದ ಸುತ್ತ ಕೂಡುವ ನಮ್ಮ ಬಂಧುಬಳಗಕ್ಕೆ ಆ ಅಧ್ಯಾಯವನ್ನು ಓದಿ ಹೇಳಬೇಕು.) ಆದರೆ ಎಲ್ಲಕ್ಕಿಂತ ಹರಿತವಾದುದು ಇನ್ನೊಂದು ವಿಚಾರ: ತಾನಿದ್ದಾಗ ಮಾಡುವುದು ತಾನಿಲ್ಲದಾಗಲೂ ನಡೆಯುವಂತೆ ವ್ಯವಸ್ಥೆ ಮಾಡದಿದ್ದರೆ ಎಂಥ ಶುಶ್ರೂಷೆಯೂ ಕೆಡುತ್ತದೆಂಬುದು. ಆಸ್ಪತ್ರೆಯಲ್ಲಿ ಇದಕ್ಕೆ ಕ್ರಮವಿದೆ. ಪಾಳಿ ಬದಲಾಗುವಾಗ ಒಬ್ಬಳು ಇನ್ನೊಬ್ಬಳಿಗೆ ‘ಚಾರ್ಜ್’ ಕೊಡುತ್ತಾಳೆ. ಯಾವ ರೋಗಿಗೆ ಏನಾಯಿತು, ಏನು ಬಾಕಿಯೆಂಬುದನ್ನು ಬರೆದಿಡುತ್ತಾಳೆ.

ಮನೆಯಲ್ಲಿ ಆಕೆಯಿಂದ ಚಾರ್ಜ್ ತೆಗೆದುಕೊಳ್ಳುವವರು ಯಾರು? ಹಾಸಿಗೆ ಹಿಡಿದ ಮಾವನವರು, ಸಕ್ಕರೆ ಕಾಯಿಲೆಯ ಅತ್ತೆ, ಓಣಿಯವರ ಇಂಜೆಕ್ಷನ್, ದೂರದ ಬಂಧುವಿನ ಸಲೈನ್, ಎಲ್ಲಕ್ಕೂ ‘ನಮ್ಮ ಮನ್ಯಾಗ ಸಿಸ್ಟರ್ ಇದ್ದಾಳಲ್ಲ’ ಎಂಬ ಒಂದೇ ಉತ್ತರ. ರಾತ್ರಿಪಾಳಿ ಮುಗಿಸಿ ಬಂದವಳ ಹಗಲು ನಿದ್ದೆಗೆ ಬಾಗಿಲು ಬಡಿಯುವವರಿಂದ ರಕ್ಷಣೆಯಿಲ್ಲ. ಆಸ್ಪತ್ರೆಯಲ್ಲಿ ಕಾಯಕವೆನಿಸಿದ್ದು ಮನೆಯಲ್ಲಿ ಬಿಟ್ಟಿದುಡಿಮೆಯಾದರೆ, ನಾವು ದಾಸೋಹವೆಂಬ ಹೆಸರನ್ನು ಅದಕ್ಕೆ ಕೊಡಲಾಗದು. ದಾಸೋಹ ಕೊಡುವವನ ಮನಸ್ಸಿನಿಂದ ಬರತಕ್ಕದ್ದು. ತೆಗೆದುಕೊಳ್ಳುವವರು ಗೊತ್ತುಮಾಡುವ ಬಾಬತ್ತಲ್ಲ.

ಹುಮನಾಬಾದದ ಒಂದು ಮನೆಯ ರೀತಿಯನ್ನು ನಾನು ಕಂಡಿದ್ದೇನೆ. ಮಾವನವರು ತೊಂಬತ್ತರ ಸಮೀಪದವರು. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು, ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ಹಾಸಿಗೆಹುಣ್ಣು ಆಗದಂತೆ ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು. ಸೊಸೆ ಒಂದು ನೋಟುಬುಕ್ಕು ಕಟ್ಟಿ ಮಂಚಕ್ಕೆ ತೂಗುಹಾಕಿದಳು. ಗಂಡನಿಗೂ ಕಾಲೇಜಿಗೆ ಹೋಗುವ ಮಗನಿಗೂ ಮೈ ಹೊರಳಿಸುವ ರೀತಿಯನ್ನು ಕಲಿಸಿದಳು. ಯಾರು ಹೊರಳಿಸಿದರೂ ವೇಳೆಯನ್ನು ಬರೆಯಬೇಕು. ಅವರಿಬ್ಬರೂ ಕೆಲವೊಮ್ಮೆ ಮರೆತಾರೆಂದು ಮುದುಕರೇ ಲೇಖಣಿ ಕೇಳಿ ಪಡೆದು, ತಮಗೆ ರೂಢಿಯಾದ ಉರ್ದು ಅಂಕಿಗಳಲ್ಲಿ ವೇಳೆಯನ್ನು ಗುರುತಿಸತೊಡಗಿದರು. ರಾತ್ರಿಪಾಳಿಯಿಂದ ಬಂದ ಸೊಸೆ ಬೆಳಿಗ್ಗೆ ಕೈ ತೊಳೆದುಕೊಂಡು, ಆ ಅಂಕಿಗಳನ್ನು ಬಲ್ಲವರಿಂದ ಕಲಿತುಕೊಂಡಿದ್ದಳಾಗಿ, ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ತನ್ನ ಸಹಿ ಹಾಕಿ ಮಲಗಲು ಹೋಗುತ್ತಿದ್ದಳು. ಆ ಹೊತ್ತಿಗೆ ಅತ್ತೆ ಬಾಗಿಲ ಚಿಲಕ ಹಾಕಿ, ಬಂದವರಿಗೆ ಮೂರು ಗಂಟೆಯ ಮೇಲೆ ಬರಲು ಹೇಳುತ್ತಿದ್ದರು.