ಸಂಬಳವೂ ಪ್ರೀತಿಯೂ

ಕಳೆದ ಚಳಿಗಾಲದಲ್ಲಿ ಮೈಸೂರಿನಲ್ಲಿ ನಿಸರ್ಗ ಸಂರಕ್ಷಕರ ಪ್ರಾದೇಶಿಕ ಸಮಾವೇಶವೊಂದು ನಡೆಯಿತು. ಅಲ್ಲಿ ನಾಲ್ಕು ಮಾತನಾಡುವ ಹೊಣೆ ನನ್ನ ಮೇಲೆ ಬಿತ್ತು. ಕನ್ನಡ ಮೇಷ್ಟರನ್ನು ಕರೆದರೆ ಸಭೆಗೆ ಕಳೆ ಬರುತ್ತದೆಂದು ಸಂಘಟಕರು ಭಾವಿಸಿರಬೇಕು. ಮುಂದಿನ ಸಾಲುಗಳಲ್ಲಿ, ಪ್ರತಿ ಜನವರಿಯಲ್ಲೂ ದುರ್ಬೀನು ಹಿಡಿದು ಕೆರೆ ಕೆರೆ ಸುತ್ತಿ ನೀರುಹಕ್ಕಿಗಳನ್ನು ಎಣಿಸುವ ಸ್ವಯಂಸೇವಕರಿದ್ದರು. ಬ್ಯಾಂಕಿನವರು, ವೈದ್ಯರು, ವಿದ್ಯಾರ್ಥಿಗಳು. ಏಷ್ಯದ ಈ ನೀರುಹಕ್ಕಿ ಗಣತಿ 1987ರಲ್ಲಿ ಆರಂಭವಾದದ್ದು. ಅದು ನಡೆದು ಬಂದಿರುವುದು ಬಹುಮಟ್ಟಿಗೆ ಇಂಥವರಿಂದಲೇ. ಹಿಂದೆ ಅರಣ್ಯ ಇಲಾಖೆಯವರು. ಅವರಲ್ಲಿ ಕಟ್ಟಕಡೆಗೆ ಖಾಕಿ ತೊಟ್ಟ ಕಾವಲುಗಾರರು.

ಫಲಾಪೇಕ್ಷೆಯಿಲ್ಲದೆ ದುಡಿಯುವವರಿಂದಲೇ ಕಾಡು ಉಳಿದಿದೆ ಎಂದು ನಾನು ಸ್ವಯಂಸೇವಕರನ್ನು ಹೊಗಳಿದೆ. ಗೀತೆಯನ್ನೂ ನೆನೆದೆ. ಚಪ್ಪಾಳೆ ಬಿತ್ತು. ಊಟದ ಹೊತ್ತಿಗೆ ನಡುವಯಸ್ಸಿನ ಕಾವಲುಗಾರರೊಬ್ಬರು ಪಕ್ಕದ ಎಲೆಗೆ ಬಂದು ಕುಳಿತು ಮೆಲ್ಲಗೆ ಕೇಳಿದರು: "ಸಂಬಳ ತಗಂಡ್ರೆ ಪ್ರೀತಿ ಕಮ್ಮಿ ಆಯ್ತದಾ, ಮೇಷ್ಟ್ರೇ?"

ಉತ್ತರ ಹೊಳೆಯದೆ ನಾನು ಸಾರನ್ನ ಕಲಸಿದೆ.

ಪಂಪನನ್ನು ಪಾಠ ಹೇಳಿ ತಿಂಗಳ ಕೊನೆಗೆ ಸಂಬಳ ಎಣಿಸುವವನು ನಾನು. ಅದರಿಂದ ಪಂಪನ ಮೇಲಿನ ನನ್ನ ಪ್ರೀತಿಗೆ ಕುಂದು ಬಂದಿತೆಂದು ಯಾರೂ ಆಡಿಲ್ಲ. ಕಾಡು ಕಾಯುವವರಿಗೆ ಮಾತ್ರ ಬೇರೆ ತಕ್ಕಡಿಯೇಕೆ?

ಪಕ್ಷಿತಜ್ಞ ಸಲೀಂ ಅಲಿಯವರ ನೆನಪಾಗುತ್ತದೆ. 1930ರ ಸುಮಾರಿಗೆ ಅವರು ಜರ್ಮನಿಯಿಂದ ಹಿಂತಿರುಗಿದಾಗ, ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿದ್ದ ಅವರ ಹುದ್ದೆ ಹಣದ ಅಭಾವದಿಂದ ರದ್ದಾಗಿತ್ತು. ಅವರು ಸಂಬಳವನ್ನು ಬಿಟ್ಟದ್ದಲ್ಲ, ಸಂಬಳವೇ ಅವರನ್ನು ಬಿಟ್ಟಿತ್ತು. ಆ ಬಿಡುವಿನಲ್ಲಿ ಕಿಹೀಂ ಎಂಬ ಕಡಲತೀರದ ಹಳ್ಳಿಯಲ್ಲಿ ಗೀಜಗನ ಗೂಡುಗಳನ್ನು ನೋಡುತ್ತ ಕುಳಿತರು. ಆ ಅಧ್ಯಯನವೇ ಅವರಿಗೆ ಹೆಸರು ತಂದಿತು. ಮುಂದೆ, ಖರ್ಚು ಕೊಟ್ಟರೆ ಸಾಕೆಂದು ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆಗೆ ಹೊರಟರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರು ಒತ್ತಿ ಹೇಳಿದ್ದರಿಂದ. ಇಂಥವರನ್ನು ಸ್ವಯಂಸೇವಕರೆನ್ನೋಣವೇ, ವೃತ್ತಿಯವರೆನ್ನೋಣವೇ?

ಆದರೆ ಧಾಮವಾದ ಮರುದಿನದಿಂದ ಅದನ್ನು ಕಾಯಬೇಕಲ್ಲ! ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ಆ ತಿಟ್ಟುಗಳು ಮುಳುಗುತ್ತವೆ. ಅಂಥ ರಾತ್ರಿ ಹೊಳೆಯ ದಂಡೆಯಲ್ಲಿರಬೇಕಾದವರು ಸಂಬಳದವರು. ಹವ್ಯಾಸಿಯ ಪ್ರೀತಿಗೆ ರಜೆ ಹಾಕುವ ಅನುಕೂಲವಿದೆ; ಅವರಿಗೆ ಅದಿಲ್ಲ. ಸಂಬಳ ಪಡೆದು ಮಲಗುವವರಿಲ್ಲವೇ ಎಂದು ವಾಚಕರು ಕೇಳಬಹುದು. ಇದ್ದಾರೆ, ನಮ್ಮ ಕಾಲೇಜುಗಳಲ್ಲೂ ಇದ್ದಾರೆ. ಹಾಗೆಯೇ, ವರ್ಗಾವಣೆಯ ಭಯವಿಲ್ಲದ ಸ್ವಯಂಸೇವಕ ಮಾತ್ರ ಬಾಯಿಬಿಟ್ಟು ಹೇಳಬಲ್ಲ ಸತ್ಯಗಳಿವೆ. ಕೆರೆಯೊಂದು ಬತ್ತಿದ್ದು ಯಾರ ಲಾಭಕ್ಕೆ ಎಂಬುದನ್ನು ಅಧಿಕಾರಿ ಬಲ್ಲ, ಆಡಲಾರ. ಇವನಾಡಬಲ್ಲ. ಇದು ಸಣ್ಣ ಉಪಕಾರವಲ್ಲ.

ನಾನು ಎಡವಿದ್ದು 'ಫಲ' ಎಂಬ ಮಾತಿನಲ್ಲಿ. ಮಕ್ಕಳ ಶಾಲೆಯ ಶುಲ್ಕಕ್ಕೂ ಮನೆಯ ಅಕ್ಕಿಗೂ ಸರಿಹೋಗುವ ಹಣವನ್ನು ಫಲವೆಂದು ಎಣಿಸಿ, ಪತ್ರಿಕೆಯಲ್ಲಿ ಬರುವ ಭಾವಚಿತ್ರವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆ ಬೆಳಗ್ಗೆ ಚಪ್ಪಾಳೆಗೆ ಕಾದು ಮಾತನ್ನು ಅರೆಗಳಿಗೆ ನಿಲ್ಲಿಸಿದವನು ನಾನೇ.

ಸಂಜೆ ನನಗೂ ಒಂದು ಶಾಲು ಹೊದಿಸಿದರು. ವೇದಿಕೆಯಿಂದ ಹಿಂದಿನ ಸಾಲಿನಲ್ಲಿ ಅವರನ್ನು ಹುಡುಕಿದೆ. ರಾತ್ರಿ ಪಾಳಿಯಿದೆಯೆಂದು ನಾಲ್ಕು ಗಂಟೆಯ ಬಸ್ಸಿಗೇ ಹೊರಟುಹೋಗಿದ್ದರಂತೆ.